ರಾಮವ್ವನ ಬಾಯಿ ಮುಚ್ಚಿಸಿದ ಮಂಗಳವಾರ

1989ರ ನವೆಂಬರ್ 14, ಮಂಗಳವಾರ. ಬೆಳಗಾವಿ ಜಿಲ್ಲೆಯ ಅಂಕಲಿಗೆ ಸಮೀಪದ ಒಂದು ಹಳ್ಳಿಯ ಕಥೋಲಿಕ ಧರ್ಮಕೇಂದ್ರದಲ್ಲಿ, ಗಂಡನ ಹೆಣದ ಮುಂದೆ ಹಾಡಿಕೊಂಡು ಅಳಕೂಡದೆಂದು ಒಬ್ಬ ಹೆಂಡತಿಗೆ ಅಪ್ಪಣೆಯಾಯಿತು. ಹೆಂಡತಿ ಕುರಿಗಾರರ ರಾಮವ್ವ, ಸತ್ತವನು ಕಾಡಸಿದ್ದ.

ಆ ಧರ್ಮಕೇಂದ್ರಕ್ಕೆ ಮೂರು ನುಡಿ. ಸಕ್ಕರೆ ಕಾರ್ಖಾನೆಯ ನೌಕರಿಗೆ ಬಂದ ಕೊಂಕಣಿಗರು, ನಿಪ್ಪಾಣಿ ಕಡೆಯ ಮರಾಠಿಗರು, ಕಾಡಸಿದ್ದನ ತಂದೆಯ ಕಾಲಕ್ಕೆ ದೀಕ್ಷಾಸ್ನಾನ ಪಡೆದ ಕನ್ನಡದ ಕುರಿಗಾರರು. ಯಾರ ಭಾಷೆ ಮುಂದು ಎಂಬ ಜಗಳ ಹತ್ತಿದಾಗ ಪಾಲನಾ ಸಮಿತಿ ನಿಯಮ ಮಾಡಿತು: ಶವಸಂಸ್ಕಾರದಲ್ಲಿ ಒಂದೊಂದು ಭಾಷೆಗೆ ಒಂದೊಂದು ಹಾಡು, ಅದೂ ಅಚ್ಚಾದ ಪುಸ್ತಕದ್ದು ಮಾತ್ರ. ಕೇಳುವುದಕ್ಕೆ ನ್ಯಾಯವೇ. ಆದರೆ ರಾಮವ್ವನ ಕುಲದಲ್ಲಿ, ಮುಖ ಮುಚ್ಚುವ ಮೊದಲು ಹೆಂಡತಿಯಾದವಳು ಗಂಡನ ಬಾಳನ್ನೆಲ್ಲ ಹಾಡಿ ಅಳಬೇಕು. ಹಾಡದವಳು ಅವನ ಸಾವನ್ನು ಬಯಸಿದವಳೆಂದೇ ಲೆಕ್ಕ. ಆ ಹಾಡು ಯಾವ ಪುಸ್ತಕದಲ್ಲಿದ್ದೀತು?

ಕಾಡಸಿದ್ದ ಹಾಸಿಗೆ ಹಿಡಿದಾಗಲೇ ಹೇಳಿದ್ದ: "ನಾ ಸತ್ತಾಗ ಬರೇ ಹೊಗಳಿಕೋತ ಕುಂದ್ರಬ್ಯಾಡ ಬೇ. ಸೆರೆ ಕುಡದು ಟಗರು ಕಳಕೊಂಡಿದ್ದೂ ಹಾಡು. ಇಲ್ಲಂದ್ರ ದೇವರು ಬ್ಯಾರೆ ಯಾರೋ ಬಂದಾರಂತ ತಿಳಕೊಂಡಾನು."

"ಅದನ್ನ ಮೊದಲ ಹಾಡತೀನಿ, ತಗೋ," ಎಂದು ರಾಮವ್ವ ನಕ್ಕಿದ್ದಳು.

ಅವನು ತೀರಿಕೊಂಡದ್ದು ಮಿರಜಿನ ಆಸ್ಪತ್ರೆಯಲ್ಲಿ. ಹೆಣ ನೇರವಾಗಿ ಚರ್ಚಿಗೇ ಬಂತು. ರಾಮವ್ವ ತಲೆಯ ಬಳಿ ಕುಳಿತು, ಸೆರಗು ಎಳೆದುಕೊಂಡು, "ಹಿಂಡಿನ ಮುಂದ ನಡಿಯಾಂವಾ..." ಎಂದು ದನಿ ಎತ್ತಿದಳಷ್ಟೆ. ಸಮಿತಿಯ ಅಧ್ಯಕ್ಷ ಪಾಸ್ಕೋಲ ಬಾಬು ಬಂದು ನಿಂತರು.

"ಏ ರಾಮವ್ವ, ಇದು ಕುರಿಹಟ್ಟಿ ಅಲ್ಲ. ಇನ್ನೊಮ್ಮೆ ಬಾಯಿ ತಗದ್ರ ಸ್ಮಶಾನದ ಬಾಗಲಾ ತಗಿಯೂದಿಲ್ಲ. ಹೆಣಾ ಹೊತ್ಕೊಂಡು ಎಲ್ಲಿ ಬೇಕಾದಲ್ಲಿ ಹೋಗ್ರಿ."

ರಾಮವ್ವ ಪೂಜೆಗೆ ನಿಂತಿದ್ದ ಚರ್ಚಿನ ಗುರುಗಳ ಕಡೆ ನೋಡಿದಳು. ಮಂಗಳೂರು ಕಡೆಯ ಆ ಎಳೆಯ ಗುರುಗಳು ನೆಲ ನೋಡುತ್ತ, "ಸಮಿತಿಯ ತೀರ್ಮಾನ, ಅಮ್ಮ," ಎಂದರು.

ನೆರೆಮನೆಯ ಮರಾಠಿ ಹೆಂಗಸು ಜನಾಬಾಯಿ ಅವಳ ಭುಜ ಒತ್ತಿದಳು. "ಗಪ್ ಕುಂದ್ರ ರಾಮವ್ವಾ. ಮೊದಲ ಅವಗ ಮಣ್ಣರ ಸಿಗಲಿ."

ರಾಮವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂರು ಭಾಷೆಯ ಮೂರು ಹಾಡುಗಳು ಶಿಸ್ತಾಗಿ ಮುಗಿದವು. ಕಾಡಸಿದ್ದನ ಮುಖದ ಮೇಲೆ ಬಟ್ಟೆ ಬಿತ್ತು, ಪೆಟ್ಟಿಗೆಗೆ ಮೊಳೆ ಬಿತ್ತು.

ಪಾಲಬಾವಿಯಿಂದ ಬಂದಿದ್ದ ನಾದಿನಿ, ಕಾಡಸಿದ್ದನ ತಂಗಿ ಸತ್ತೆವ್ವ, ದೀಕ್ಷೆ ಪಡೆಯದ ಕುರಿಗಾರರ ಮನೆಗೆ ಮದುವೆಯಾಗಿ ಹೋದವಳು, ಈಗ ಕ್ರೈಸ್ತಳಲ್ಲ. ಹಿಂದೆ ನಿಂತಿದ್ದ ಅವಳಿಗೆ ಆ ಬೆದರಿಕೆ ಕೇಳಿಸಿರಲಿಲ್ಲ. ಕಂಡದ್ದು ಅತ್ತಿಗೆಯ ಮೌನ ಮಾತ್ರ. "ಬಾಯಾಗ ಬೆಣ್ಣಿ ಇಟ್ಕೊಂಡಿದ್ದೇನ, ವೈನಿ? ನಮ್ಮಣ್ಣ ನಾಯಿ ಸತ್ತಾಂಗ ಹೋದ," ಎಂದಳು. ರಾಮವ್ವ ಕಾರಣ ಹೇಳಿದಳು. "ಗಂಡನ್ನ ಅಳಾಕ ಕಮೀಟಿ ಕೇಳ್ತಾರೇನ? ಯಾರಿಗೆ ಹೇಳ್ತಿ?" ಎಂದು ಸತ್ತೆವ್ವ ಬಸ್ಸು ಹತ್ತಿದಳು.

ಮರುವರ್ಷ ಪಾಸ್ಕೋಲ ಬಾಬು ಅವರ ತಾಯಿ ತೀರಿಕೊಂಡರು. ಬೆಳಗಾವಿಯಿಂದ ಬ್ಯಾಂಡ್ ಬಂತು. ಹಾಡುಗಳನ್ನು ಯಾರೂ ಎಣಿಸಲಿಲ್ಲ.

1993ರ ಮೇ ತಿಂಗಳಲ್ಲಿ ಸತ್ತೆವ್ವನ ಮಗನ ಮದುವೆ. ಕರೆಯಿಲ್ಲದಿದ್ದರೂ ಸೋದರಮಾವನ ಹೆಂಡತಿಯ ಹಕ್ಕೆಂದು ರಾಮವ್ವ ಪಾಲಬಾವಿಗೆ ಹೋದಳು. ಅವಳನ್ನು ಪಂಕ್ತಿಯಲ್ಲಿ ಕೂಡಿಸಲಿಲ್ಲ. ಹಂದರದ ಹೊರಗೆ, ಎಂಜಲೆಲೆ ಬಿಸಾಡುವಲ್ಲಿ ಎಲೆ ಹಾಕಿದರು. ಮೊದಲ ತುತ್ತು ಎತ್ತುವಾಗ ಸತ್ತೆವ್ವ ನಾಲ್ಕು ಮಂದಿಗೆ ಕೇಳುವಂತೆ ಹೇಳಿದಳು:

"ಗಂಡಗ ತಗೀಲಾರದ ಬಾಯಿ, ಉಣ್ಣಾಕ ಹ್ಯಾಂಗ ತಗದೈತಿ ನೋಡ್ರಿ."

ಹಂದರವೆಲ್ಲ ನಕ್ಕಿತು. ರಾಮವ್ವ ತುತ್ತನ್ನು ಎಲೆಗಿಟ್ಟು, ಕೈ ತೊಳೆಯದೆ ಎದ್ದು ನಡೆದಳು. ಆ ಮಾತು ಕುಲದಲ್ಲೆಲ್ಲ ಹರಡಿ, ಅಂದಿನಿಂದ ಅವಳ ತವರಿನವರೂ ಅವಳನ್ನು ಸಾವಿಗಾಗಲಿ ಮದುವೆಗಾಗಲಿ ಕರೆದಿಲ್ಲ.

ಪಾಸ್ಕೋಲ ಬಾಬು ಅವರೇ, ಅಂದು ನೆಲ ನೋಡಿದ ಗುರುಗಳೇ, ಕೈಯೆತ್ತಿ ಆ ನಿಯಮಕ್ಕೆ ಒಪ್ಪಿದ ಸಮಿತಿಯ ಸದಸ್ಯರೇ, ರಾಮವ್ವ ಇನ್ನೂ ಬದುಕಿದ್ದಾಳೆ. ಆ ನಿಯಮವನ್ನು ಬರುವ ಭಾನುವಾರದ ಬಲಿಪೂಜೆಯಲ್ಲಿ ಮೂರೂ ಭಾಷೆಗಳಲ್ಲಿ ರದ್ದುಮಾಡಿ. ಅನಂತರ ನೀವೇ ಪಾಲಬಾವಿಗೆ ಹೋಗಿ, ಸತ್ತೆವ್ವನ ಅಂಗಳದಲ್ಲಿ, ಅಂದು ನಕ್ಕ ಜನರೆದುರು, ಆ ಬಾಯಿ ಮುಚ್ಚಿಸಿದವರು ನಾವು ಎಂದು ಹೇಳಿ. ಚೀಟಿ ಕಳಿಸಬೇಡಿ, ಹೋಗಿ ಹೇಳಿ.