ಧಾರಿಣಿ ಕಾಯುವ ಕಿಡಿ

ನಮ್ಮ ಅಕ್ಕನ ಮಗಳು ಧಾರಿಣಿ ಸ್ನಾನಕ್ಕೂ ಫೋನ್ ತೆಗೆದುಕೊಂಡು ಹೋಗುತ್ತಾಳೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟುತ್ತಾಳೆ. ತುಮಕೂರಿನಿಂದ ಸಂಶೋಧನೆಗೆಂದು ದೆಹಲಿಗೆ ಬಂದು, ಮಯೂರ್ ವಿಹಾರದ ನಮ್ಮ ಫ್ಲಾಟ್ ಸೇರಿ ನಾಲ್ಕು ವರ್ಷವಾಯಿತು. ಇವಳು ಕೂತು ಕಾಫಿ ಕುಡಿದದ್ದನ್ನು ನಾನು ಕಂಡಿಲ್ಲ. ಲೋಟ ಹಿಡಿದು ಬಾಲ್ಕನಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬಾಲ್ಕನಿಗೆ. ನೋಡುವ ನನಗೆ ತಲೆ ಸುತ್ತುತ್ತದೆ, ಅವಳಿಗೆ ಏನೂ ಆಗುವುದಿಲ್ಲ.

ಅವಳ ಕೆಲಸವೇ ಹಾಗಂತೆ. ಊಹೆಗೆ ನಿಲುಕದ ದೂರದಲ್ಲಿ ದೊಡ್ಡ ನಕ್ಷತ್ರವೊಂದು ಕುಸಿದು ಗಾಮಾ ಕಿರಣ ಚಿಮ್ಮಿಸುತ್ತದೆ. ಭೂಮಿಯನ್ನು ಸುತ್ತುತ್ತಿರುವ ದೂರದರ್ಶಕವೊಂದು ಅದನ್ನು ಹಿಡಿದು, ತಾನೇ ಆ ಕಡೆ ತಿರುಗಿ, ಇವಳ ಫೋನಿಗೆ ಸುದ್ದಿ ಕಳಿಸುತ್ತದೆ. ಸ್ಫೋಟ ಅಷ್ಟರಲ್ಲಿ ಮುಗಿದು ಕಿಡಿಯಷ್ಟೇ ಉಳಿದಿರುತ್ತದೆ, ಅದಕ್ಕೂ ಆಯುಸ್ಸು ಕಡಿಮೆ. ಅದು ಹೋಗುವ ಮೊದಲೇ ನಿಜವೋ ಸುಳ್ಳೋ ತೀರ್ಮಾನಿಸಿ, ಬೆಟ್ಟಗಳ ಮೇಲಿನ ದೂರದರ್ಶಕಗಳವರಿಗೆ 'ಇಲ್ಲಿ ನೋಡಿ' ಎಂದು ಹೇಳಬೇಕು. ಅಮೆರಿಕದವರು ಮಲಗಿರುವಾಗ, ಅಂದರೆ ನಮ್ಮ ಹಗಲಿನಲ್ಲಿ, ಆ ಪಾಳಿ ಇವಳದು.

ಹೋದ ಚಳಿಗಾಲದಲ್ಲಿ ಅವಸರಪಟ್ಟು ಎಡವಿದಳು. ಹಳೆಯ ನಕ್ಷತ್ರವೊಂದು ಭಗ್ಗೆಂದದ್ದನ್ನೇ ಸ್ಫೋಟ ಎಂದುಬಿಟ್ಟಳು. ಮೂರು ದೇಶದವರು ಅತ್ತ ತಿರುಗಿ ನೋಡಿ ಬೈದುಕೊಂಡರು. 'ನಾನು ಹೇಳಿದ್ದು ತಪ್ಪು' ಎಂದು ಜಗತ್ತಿಗೆಲ್ಲ ಬರೆಯಬೇಕಾಯಿತು. ಪಾಪ, ಊಟ ಬಿಟ್ಟು ಅತ್ತಳು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವಳು ಮುಂದಿನ ಸಲ ಮಜ್ಜಿಗೆಯನ್ನೂ ಊದುತ್ತಾ ಕೂತಳು. ಹೇಳುವಷ್ಟರಲ್ಲಿ ಕಿಡಿ ಹೋಗಿತ್ತು. ಅವಳ ಮೇಷ್ಟ್ರು ಸೂರ್ಯನಾರಾಯಣ ಮೆಲ್ಲಗೆ, "ಇನ್ನೊಂದು ಸಲ ಹೀಗಾದ್ರೆ ಪಾಳಿ ಬೇರೆಯವರಿಗೆ ಕೊಡ್ತೀನಮ್ಮ" ಎಂದರಂತೆ. ಆ ಪಾಳಿಗಾಗಿಯೇ ಊರು ಬಿಟ್ಟು ಬಂದವಳು ಅವಳು.

ನನಗೂ ಅವಳಿಗೂ ಜಗಳವಿದ್ದದ್ದು ಬೇರೆ ವಿಷಯಕ್ಕೆ. ನಾನು ದೇವರ ಮುಂದೆ ದೀಪ ಹಚ್ಚಿ ಕೈ ಮುಗಿಯುವ ಹೊತ್ತಿಗೇ ಇವಳು ಫೋನಿನಲ್ಲಿ ತನ್ನ ಕಿಡಿಯ ಬಗ್ಗೆ, "ಆರಿತಾ? ಪೂರ್ತಿ ಆರಿಹೋಯ್ತಾ?" ಎಂದು ಕೂಗುತ್ತಾಳೆ. ನಮ್ಮಲ್ಲಿ ದೀಪವನ್ನು ಆರಿಸಿದೆ ಅನ್ನುವುದಿಲ್ಲ, ದೊಡ್ಡದು ಮಾಡಿದೆ ಅನ್ನುತ್ತೇವೆ.

"ಬಿಡ್ತು ಅನ್ನೇ! ಮುಸ್ಸಂಜೆ ಹೊತ್ತು!"

"ಬಿಡ್ತು, ಬಿಡ್ತು" ಎನ್ನುತ್ತಾಳೆ, ಮರುದಿನ ಮತ್ತದೇ ರಾಗ.

ಮೊನ್ನೆ ಭಾನುವಾರ ರೋಹಿಣಿ ಬಡಾವಣೆಯಲ್ಲಿ ನನ್ನ ಗೆಳತಿ ಹಂಸಾಳ ಮಗಳ ಸೀಮಂತ. ಆರತಿ ಹಾಡು ನನ್ನದೇ. ಧಾರಿಣಿಯನ್ನೂ ಹೊರಡಿಸಿದ್ದೆ. ತೊಡೆಯ ಮೇಲೆ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಮೆಟ್ರೋದಲ್ಲಿ ಕೂತಿದ್ದೆ. ಅಕ್ಷರಧಾಮ ದಾಟುತ್ತಲೇ ಇವಳ ಫೋನು ಅರಚಿತು.

"ಚಿಕ್ಕಮ್ಮಾ, ಇಳೀರಿ. ಮುಂದೆ ಸುರಂಗ, ನೆಟ್‌ವರ್ಕ್ ಇರಲ್ಲ."

"ಅಯ್ಯೋ, ಹಂಸಾ ನನ್ನ ಕೊಂದೇಬಿಡ್ತಾಳೆ ಕಣೇ!"

ಯಮುನಾ ಬ್ಯಾಂಕ್ ಪ್ಲಾಟ್‌ಫಾರ್ಮಿನಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡು ಇವಳು ಲ್ಯಾಪ್‌ಟಾಪ್ ಬಿಚ್ಚಿದಳು. ಪರದೆಯ ಮೇಲೊಂದು ಬಿಳಿ ಚುಕ್ಕೆ.

"ಪಕ್ಕದಲ್ಲೇ ಹಳೇ ನಕ್ಷತ್ರ ಇದೆ ಚಿಕ್ಕಮ್ಮ. ಅದೇ ಇರಬಹುದು, ಇಲ್ಲದೇನೂ ಇರಬಹುದು. ಹೇಳ್ಲಾ, ಬೇಡ್ವಾ?"

"ನನ್ನ ಕೇಳ್ತೀಯಲ್ಲ ಮಾರಾಯ್ತಿ, ನನಗೇನು ತಿಳಿಯುತ್ತೆ!"

ಇನ್ನೊಂದು ರೈಲು ಬಂತು, ಹೋಯಿತು. ಅವಳು ಹಳೆಯ ನಕ್ಷತ್ರಗಳ ಪಟವನ್ನು ಚುಕ್ಕೆಯ ಮೇಲೆ ಇಟ್ಟು ನೋಡಿದಳು, ತೆಗೆದಳು, ಮತ್ತೆ ಇಟ್ಟಳು. ಕಣ್ಣು ಮುಚ್ಚಿ ಉಸಿರೆಳೆದು, ಕಳಿಸಿಯೇಬಿಟ್ಟಳು.

ಆಮೇಲಿನ ಕಾಯುವಿಕೆ ಇದೆಯಲ್ಲ, ಶತ್ರುವಿಗೂ ಬೇಡ. ಚಿಲಿಯ ಬೆಟ್ಟದವರು ಮೋಡ ಎಂದರು. ಇನ್ನುಳಿದದ್ದು ಆಕಾಶದ ಆ ದೂರದರ್ಶಕವೊಂದೇ. ಅದು ಭೂಮಿ ಸುತ್ತಿ ಬಂದು ಇನ್ನೊಮ್ಮೆ ನೋಡಬೇಕು. ಚುಕ್ಕೆ ಮೊದಲಿನಷ್ಟೇ ಉರಿಯುತ್ತಿದ್ದರೆ ಹಳೆಯ ನಕ್ಷತ್ರವೇ, ಇವಳ ಪಾಳಿ ಹೋದಂತೆ. ಕಂದಿದ್ದರೆ ಗೆದ್ದಳು. ಅವಳು ಪ್ಲಾಟ್‌ಫಾರ್ಮಿನ ಆ ತುದಿಗೂ ಈ ತುದಿಗೂ ಅಲೆದಳು. ಹಂಸಾಳ ಫೋನು ಬಂದರೂ ನಾನು ಎತ್ತಲಿಲ್ಲ. ಕೊನೆಗೆ ನಾನೂ ಡಬ್ಬಿ ಹಿಡಿದು ಅವಳ ಹಿಂದೆಯೇ ಓಡಾಡತೊಡಗಿದೆ. "ಆಂಟಿಜೀ, ಗಾಡಿ ಆ ಗಯೀ" ಎಂದು ಬಂದ ರೈಲು ತೋರಿಸಿದ ಗಾರ್ಡನ ಮೇಲೆ ಸುಮ್ಮನೆ ರೇಗಿದೆ.

ಲ್ಯಾಪ್‌ಟಾಪ್ ಟಿಣ್ ಎಂದಿತು. ಅವಳು ಬಗ್ಗಿ ನೋಡಿದಳು. ನನಗೆ ತಡೆಯಲಾಗಲಿಲ್ಲ.

"ಆರಿತೇನೇ?" ಎಂದು ಕಿರುಚಿದೆ. "ಹೇಳೇ, ಆರಿತಾ?"

ಅವಳು ಮುಖ ಎತ್ತಿದಳು. ಕಣ್ಣ ತುಂಬ ನೀರು.

"ಆರ್ತಾ ಇದೆ ಚಿಕ್ಕಮ್ಮ! ಎಷ್ಟು ಚೆನ್ನಾಗಿ ಆರ್ತಾ ಇದೆ!"

ಬಿಡ್ತು ಅನ್ನು ಎಂಬ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಸೀಮಂತದ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ಅವಳು ಬೆಂಚಿನ ಮೇಲೆ ಕೂತುಕೊಂಡು ಚಕ್ಕುಲಿ ತಿಂದಳು.