ಗಡಹಿಂಗ್ಲಜದಲ್ಲಿ ಅಣ್ಣ ಹೇಳಿದ ‘ವಾಹ್’

ಹಾಡಿಕೆ ಮುಗಿದ ಮೇಲೆ ನಾವು ನಾಲ್ವರು ಕೂಡಲೇ ಮನೆಯ ದಾರಿ ಹಿಡಿಯುತ್ತಿರಲಿಲ್ಲ. ಕೊಲ್ಹಾಪುರವಾಗಲಿ ಇಚಲಕರಂಜಿಯಾಗಲಿ, ಸಭಾಗೃಹದ ಹೊರಗೆ ಒಂದು ಚಹಾದ ಗಾಡಿ ಇದ್ದೇ ಇರುತ್ತದೆ. ಅದರ ಪಕ್ಕ ನಿಂತು, ಒಳಗೆ ಕೇಳಿ ಬಂದದ್ದನ್ನು ಮಾತಿನಲ್ಲಿ ಮತ್ತೊಮ್ಮೆ ಕೇಳುವುದು ನಮ್ಮ ರೂಢಿಯಾಗಿತ್ತು. ದಾನೋಳಿಯಿಂದ ಬರುವ ಜೈನ ರೈತರೊಬ್ಬರು, ಗಡಹಿಂಗ್ಲಜದ ನಿವೃತ್ತ ಶಿಕ್ಷಕಿ, ನಾನು ಮತ್ತು ನನ್ನ ಅಣ್ಣ. ನಮ್ಮಲ್ಲಿ ಯಾರೂ ಸಂಗೀತ ಕಲಿತವರಲ್ಲ. ರೈತರು ತಾವು ಹಿಂದೆ ಕೇಳಿದ ಮೈಫಲುಗಳನ್ನು ನೆನೆಯುತ್ತಿದ್ದರು. ಯಾವ ಊರು, ಎಂಥ ಚಳಿ, ಪಕ್ಕದಲ್ಲಿ ಕೂತವನು ಹೇಗೆ ಅತ್ತ, ಎಲ್ಲ ಹೇಳುತ್ತಿದ್ದರು. ಶಿಕ್ಷಕಿಗೆ ಗಾಯಕರ ತಪ್ಪುಗಳೇ ನೆನಪಿರುತ್ತಿದ್ದವು. ಅಣ್ಣ ಹೆಚ್ಚು ಮಾತಾಡುತ್ತಿರಲಿಲ್ಲ. ಎಲ್ಲರದೂ ಆದ ಮೇಲೆ ಗ್ಲಾಸನ್ನು ಗಾಡಿಯ ಮೇಲಿಟ್ಟು, ಅಂದು ಎಲ್ಲರ ಮೈ ನವಿರೇಳಿಸಿದ ಹಾಡಿನ ಆ ಒಂದು ಜಾಗವನ್ನು ಸಣ್ಣ ದನಿಯಲ್ಲಿ ಹಾಗೆಯೇ ಹಾಡಿ ತೋರಿಸುತ್ತಿದ್ದ. ಚಹಾದವನು ಸ್ಟವ್ ಸಣ್ಣದು ಮಾಡಿ ನಿಲ್ಲುತ್ತಿದ್ದ.

“ನೋಡ್ರಿ, ಹಿಂಗ ಬಂದ್ರು, ಹಿಂಗ ಹೊಳ್ಳಿದ್ರು,” ಎನ್ನುವುದಷ್ಟೇ ಅವನ ವಿವರಣೆ.

ನಾವಿರುವುದು ಹುಪರಿಯಲ್ಲಿ. ಅಪ್ಪ ಬೆಳಗಾವಿ ಕಡೆಯಿಂದ ಬೆಳ್ಳಿ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ನಾನು ಮನೆಯಲ್ಲೇ ಕೂತು ಕಾಲ್ಗೆಜ್ಜೆಗೆ ಗುಂಡು ಕೂಡಿಸುತ್ತೇನೆ. ಅಣ್ಣನಿಗೆ ಕೂತು ಮಾಡುವ ಕೆಲಸ ಒಗ್ಗಲಿಲ್ಲ. ಅವನು ಶಿರೋಳಿಯ ಒಂದು ಫೌಂಡ್ರಿಗೆ ಸೇರಿ, ಎರಕ ಹೊಯ್ದ ಕಬ್ಬಿಣದ ಒರಟು ಅಂಚುಗಳನ್ನು ಚಕ್ರಕ್ಕೆ ಹಿಡಿದು ಉಜ್ಜುವ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದ. ಕಿವಿಗೆ ತುರುಕಿಕೊಳ್ಳಲು ರಬ್ಬರಿನ ಬಿರಡೆ ಕೊಟ್ಟಿದ್ದರು. ಅದನ್ನು ಹಾಕಿಕೊಂಡರೆ ಚಕ್ರದ ದನಿ ತಿಳಿಯುವುದಿಲ್ಲ, ಕೈ ತಪ್ಪುತ್ತದೆ ಎಂದು ಅವನು ಅದನ್ನು ಕಿಸೆಯಲ್ಲೇ ಇಟ್ಟುಕೊಳ್ಳುತ್ತಿದ್ದ.

ನನ್ನನ್ನು ಮೊದಲ ಬಾರಿ ಕಛೇರಿಗೆ ಕರೆದೊಯ್ದವನು ಅವನೇ. ನಾನು ಗಂಡನ ಮನೆ ಬಿಟ್ಟು ಬಂದು ಐದಾರು ತಿಂಗಳಾಗಿದ್ದವು. ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ಭಾನುವಾರ ಅವನು ಮೋಟಾರ್ ಸೈಕಲ್ ಹೊರಗೆ ತೆಗೆದು, “ಸೀರಿ ಉಟಗೋ, ಕೊಲ್ಹಾಪುರಕ್ಕ ಹೋಗಿ ಬರೂಣು,” ಎಂದ. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಭಾಗೃಹದಲ್ಲಿ ದೀಪ ಆರಿಸಿದರು. ವಯಸ್ಸಾದ ಗಾಯಕರೊಬ್ಬರು ಕಣ್ಣು ಮುಚ್ಚಿ ಒಂದೇ ಸ್ವರದಲ್ಲಿ ಬಹಳ ಹೊತ್ತು ನಿಂತರು. ನನಗೆ ಅಳು ಬಂತು. ಆರು ತಿಂಗಳು ಬರದ ಅಳು ಆ ಕತ್ತಲೆಯಲ್ಲಿ ಬಂತು, ನಿಲ್ಲಿಸಲಾಗಲಿಲ್ಲ. ಪಕ್ಕದಲ್ಲಿದ್ದ ಅಣ್ಣ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ವೇದಿಕೆಯನ್ನೇ ನೋಡುತ್ತ ಕೂತಿದ್ದ. ಮುಗಿದ ಮೇಲೆ ಹೊರಗೆ ಬಂದು, “ಚಹಾ ಕುಡೀತಿಯೇನು?” ಎಂದಷ್ಟೇ ಕೇಳಿದ. ಅಂದಿನಿಂದ ಸುತ್ತಮುತ್ತ ಎಲ್ಲಿ ಹಾಡಿಕೆ ಇದ್ದರೂ ನಾವಿಬ್ಬರೂ ಹೋಗುತ್ತಿದ್ದೆವು. ಹಿಂತಿರುಗುವಾಗ ಅವನು ಗಾಡಿ ಓಡಿಸುತ್ತ ದಾರಿಯುದ್ದಕ್ಕೂ ಗುನುಗುತ್ತಿದ್ದ. ನಾನು ಹಿಂದೆ ಕೂತು, ಅವನ ಬೆನ್ನಿಗೆ ಕಿವಿ ಹತ್ತಿರ ತಂದು ಕೇಳುತ್ತಿದ್ದೆ.

ಆ ಗುನುಗು ಯಾವಾಗ ನಿಂತಿತು ಎಂದು ಈಗ ನೆನಪಿಸಿಕೊಳ್ಳಲು ಹೋದರೆ ಸಿಗುವುದಿಲ್ಲ. ನಾನು ಗಮನಿಸಲೇ ಇಲ್ಲ. ಚಹಾದ ಗಾಡಿಯ ಬಳಿ ಅವನು ಹಾಡುವುದನ್ನು ಬಿಟ್ಟ. ಕೇಳಿದರೆ, “ಇವತ್ತ ಗಂಟಲ ಕೆಟ್ಟೈತ್ರಿ,” ಎನ್ನುತ್ತಿದ್ದ. ಮೊದಲೆಲ್ಲ ಹಿಂದಿನ ಸಾಲು ಇಷ್ಟಪಡುತ್ತಿದ್ದವನು ಈಗ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಮನೆಯಲ್ಲಿ ಅವನ ಹೆಂಡತಿ, ನನ್ನ ವೈನಿ, ಒಂದು ಕೇಳಿದರೆ ಅವನು ಇನ್ನೊಂದು ಹೇಳುತ್ತಿದ್ದ. ವಯಸ್ಸಾದಂತೆ ಅವನಿಗೆ ಹಮ್ಮು ಬಂದಿದೆ, ಹೆಂಗಸರ ಮಾತಿಗೆ ಕಿವಿಗೊಡುವುದಿಲ್ಲ ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಮಾತಾಡಿಕೊಂಡೆವು.

ಹಾಗಿರುವಾಗ ಗಡಹಿಂಗ್ಲಜದಲ್ಲಿ ಶಿಕ್ಷಕಿ ತಮ್ಮ ಊರಿನವರನ್ನು ಕೂಡಿಸಿ ಒಂದು ಶಾಲೆಯ ಹಾಲಿನಲ್ಲಿ ಮಧ್ಯಾಹ್ನದ ಮೈಫಲ್ ಇಟ್ಟರು. ಹಾಡುವವರು ಒಬ್ಬ ಎಳೆಯ ಗಾಯಕಿ. ಜಮಖಾನದ ಮೇಲೆ ನೂರು ಜನ ಕೂತಿದ್ದೆವು. ಅಣ್ಣ ವೇದಿಕೆಗೆ ಕೈ ತಾಗುವಷ್ಟು ಹತ್ತಿರ ಕೂತಿದ್ದ, ನಾನು ಅವನ ಪಕ್ಕ. ತಂಬೂರಿ ಕೂಡಿಸಿ ಆಯಿತು. ಗಾಯಕಿ ಕಣ್ಣು ಸಣ್ಣದು ಮಾಡಿ, ಬಲಗೈ ಮೇಲೆತ್ತಿ, ಹಿಂದೆ ಕೂತ ಧ್ವನಿವರ್ಧಕದವನಿಗೆ ದನಿ ಸ್ವಲ್ಪ ಇಳಿಸುವಂತೆ ಹೇಳಿದರು. ಆಗ ಅಣ್ಣ ತಲೆದೂಗಿ, ಇಡೀ ಹಾಲಿಗೆ ಕೇಳುವಂತೆ, “ವಾಹ್, ಕ್ಯಾ ಬಾತ್ ಹೈ,” ಎಂದ.

ಗಾಯಕಿ ತಮ್ಮನ್ನು ಯಾರೋ ಗೇಲಿ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. ಮೈಕಿನಲ್ಲೇ, “ಅಹೋ ಕಾಕಾ, ಮೀ ಅಜೂನ್ ಸುರೂಚ್ ಕೇಲಂ ನಾಹೀ,” ಎಂದರು. ನಾನಿನ್ನೂ ಶುರುವೇ ಮಾಡಿಲ್ಲವಲ್ಲ ಕಾಕಾ ಎಂದು. ಹಾಲ್ ತುಂಬ ನಗು ಎದ್ದಿತು. ಅಣ್ಣ ಸುತ್ತ ನೋಡಿದ. ಎಲ್ಲರೂ ನಗುತ್ತಿದ್ದಾರೆಂದು ತಾನೂ ನಕ್ಕ. ಅವರೇನಂದರು, ಯಾಕೆ ನಗುತ್ತಿದ್ದಾರೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅದು ನನಗೆ ಆಗ ಗೊತ್ತಾಗಲಿಲ್ಲ. ಅವನು ಬೇಕೆಂದೇ ಹಲ್ಲು ಕಿರಿಯುತ್ತಿದ್ದಾನೆ ಎಂದುಕೊಂಡೆ. ಕಾಲು ಹಿಡಿದಿದೆ ಎಂಬ ನೆವ ಮಾಡಿ ಎದ್ದು ಹೋಗಿ, ಗೋಡೆಯ ಬದಿಗೆ ಹೆಂಗಸರ ನಡುವೆ ಕೂತೆ. ಅವನ ಪಕ್ಕದ ಜಾಗ ಕೊನೆಯವರೆಗೂ ಖಾಲಿ ಇತ್ತು. ಯಾರೂ ಬಂದು ಕೂರಲಿಲ್ಲ.

ಚಹಾಕ್ಕೆ ನಿಲ್ಲದೆ ಹೊರಟೆವು. ಹಿಂದೆ ಕೂತು ನಾನು ಬೈಯುತ್ತಲೇ ಬಂದೆ. ಅವನು ಉತ್ತರ ಕೊಡಲಿಲ್ಲ. ಅದರಿಂದ ಸಿಟ್ಟು ಇನ್ನೂ ಏರಿತು. ನಿಪ್ಪಾಣಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಇಳಿದು ರಸ್ತೆ ನೋಡುತ್ತ ಹೇಳಿದೆ.

“ಅಷ್ಟ ಮಂದ್ಯಾಗ ಮರ್ಯಾದಿ ಕಳದಿ. ತಿಳೀಲಿಲ್ಲಂದ್ರ ಬಾಯಿ ಮುಚ್ಚಿಕೊಂಡ ಕುಂದರಬೇಕಾಗಿತ್ತು. ನಿನ್ನ ಜೋಡಿ ಬರಾಕ ನಾಚಿಕಿ ಬರತೈತಿ ನನಗ.”

ಅವನು ನನ್ನ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

“ಏನಂದಿ? ಇತ್ತ ನೋಡಿ ಹೇಳು.”

ನಾನು ಇತ್ತ ನೋಡಿ, ಒಂದೊಂದೇ ಮಾತು ಬಿಡಿಸಿ, ಅದನ್ನೇ ಮತ್ತೆ ಹೇಳಿದೆ. ಅವನ ಕಣ್ಣು ನನ್ನ ಕಣ್ಣಿನ ಮೇಲಿರಲಿಲ್ಲ, ತುಟಿಗಳ ಮೇಲಿತ್ತು. ‘ನಾಚಿಕಿ’ ಎಂಬಲ್ಲಿಗೆ ಬಂದಾಗ ಅವನಿಗೆ ಅದು ತಲುಪಿದ್ದು ನನಗೆ ಕಂಡಿತು. ಆಮೇಲೆ ಅವನು ತನ್ನ ಮಾತು ಹೇಳಿದ, ಯಾರದೋ ಸುದ್ದಿ ಹೇಳುವ ಹಾಗೆ.

“ನನಗ ಕೇಳಸವಲ್ದು, ತಂಗಿ. ಎರಡ ವರ್ಷ ಆತು. ಕಿವ್ಯಾಗ ಯಾವಾಗೂ ಕುಕ್ಕರ್ ಸೀಟಿ ಹೊಡದಂಗ ಆಗತೈತಿ. ಅದರ ಹಿಂದ ಮಂದಿ ಮಾತ ಸಣ್ಣಗ ಬರತಾವ, ಹಾಡಂತೂ ಬರೂದ ಇಲ್ಲ.”

“ಮತ್ತ ಇಷ್ಟ ದಿನ ಯಾಕ ಬರತಿದ್ದಿ?”

“ಮುಂದ ಕುಂತ್ರ ತಬಲಾ ನೆಲದಾಗಿಂದ ಬರತೈತಿ. ಅವರ ಕೈ ನೋಡಿದ್ರ ಎಲ್ಲಿ ಹೊಂಟಾರಂತ ಅಂದಾಜ ಆಗತಿತ್ತು. ಅಷ್ಟ ಸಾಕಾಗತಿತ್ತು ನನಗ.”

ಅಂದು ಗಾಯಕಿ ಎತ್ತಿದ ಕೈ ಅವನಿಗೆ ಸ್ವರದ ಕೈಯಾಗಿ ಕಂಡಿತ್ತು. ಪೆಟ್ರೋಲಿನವನು ಗಾಡಿ ಮುಂದೆ ತೆಗೆಯಲು ಹೇಳಿದ. ನಾವು ಹೊರಟೆವು. ಹಿಂದೆ ಕೂತು ನಾನು ಏನು ಹೇಳಿದರೂ ಅವನಿಗೆ ಕೇಳುತ್ತಿರಲಿಲ್ಲ.

ಆ ವಾರವೇ ನಾನೂ ವೈನಿಯೂ ಅವನನ್ನು ಕೊಲ್ಹಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂದು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಲು ಹೇಳಿದರು. ಹೊರಗೆ ಮಷೀನಿನ ಮೇಲೆ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಒಳಗೆ ಅಣ್ಣ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಪರೀಕ್ಷೆಗೆ ಕೂತವನ ಹಾಗೆ ಮುಂದೆ ಬಾಗಿ ಕಾಯುತ್ತಿದ್ದ. ಬಹಳ ಸಲ ದೀಪ ಹತ್ತಿತು, ಅವನ ಬೆರಳು ಅಲುಗಲಿಲ್ಲ. ಹೋದ ಕಿವಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಕಿವಿಗೆ ಮಷೀನು ಹಾಕಿಕೊಂಡರೆ ಮಾತು ತಿಳಿಯುತ್ತದೆ ಎಂದರು. ಹಾಡಿನ ಬಗ್ಗೆ ನಾನು ಕೇಳಿದಾಗ, “ಬಘೂಯಾ,” ಎಂದರು. ನೋಡೋಣ. ನಾನು ಆ ‘ನೋಡೋಣ’ವನ್ನು ಸೆರಗಿಗೆ ಕಟ್ಟಿಕೊಂಡು ಬಂದೆ.

ಮಷೀನು ಬಂದ ಮೇಲೆ ಮೊದಲ ದೀಪಾವಳಿಗೆ ಇಚಲಕರಂಜಿಯಲ್ಲಿ ಬೆಳಗಿನ ಹಾಡಿಕೆ ಇತ್ತು. ನಮ್ಮ ಕಡೆ ದೀಪಾವಳಿಯ ನಸುಕಿನಲ್ಲಿ ಎಣ್ಣೆಸ್ನಾನ ಮಾಡಿ, ಹೊಸ ಬಟ್ಟೆ ತೊಟ್ಟು ಹಾಡು ಕೇಳಲು ಹೋಗುವುದು ಹಬ್ಬದ ಒಂದು ಭಾಗವೇ ಆಗಿದೆ. ನಾನೇ ಹಟ ಮಾಡಿ ಹೊರಡಿಸಿದೆ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಆ ಹೊತ್ತಿಗಾಗಲೇ ರೈತರಿಗೂ ಶಿಕ್ಷಕಿಗೂ ನಾನು ವಿಷಯ ತಿಳಿಸಿದ್ದೆ. ಅವರು ಮುಂದಿನ ಸಾಲಿನಲ್ಲಿ ನಮಗಾಗಿ ಟವೆಲ್ ಹಾಸಿ ಜಾಗ ಹಿಡಿದಿದ್ದರು.

ತಂಬೂರಿ ಶುರುವಾಯಿತು. ನಾನು ವೇದಿಕೆ ನೋಡಲಿಲ್ಲ, ಅಣ್ಣನ ಮುಖ ನೋಡಿದೆ. ಹುಬ್ಬು ಗಂಟಾಯಿತು. ಗಾಯಕರು ಮೊದಲ ಸ್ವರ ಹಚ್ಚಿದಾಗ ಅವನು ಹಿಂದಕ್ಕೆ ಸರಿದ, ಯಾರೋ ಹೊಡೆಯಲು ಬಂದ ಹಾಗೆ. ಸ್ವಲ್ಪ ಹೊತ್ತು ತಡೆದುಕೊಂಡ. ಕಿವಿಯ ಹಿಂದಿನ ತಿರುಗಣಿಯನ್ನು ಹೆಚ್ಚು ಕಡಿಮೆ ಮಾಡಿ ನೋಡಿದ. ಆಮೇಲೆ ಎರಡೂ ಕಿವಿಯದನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಕಿಸೆಗೆ ಹಾಕಿಕೊಂಡ. ಎದ್ದು ಹೋಗಲಿಲ್ಲ. ಸೂರ್ಯ ಮೇಲೆ ಬರುವವರೆಗೆ, ಮೂರು ಗಂಟೆಯ ಹೊತ್ತು, ಕೈಕಟ್ಟಿ ಕೂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದ.

ಹೊರಗೆ ಶಿಕ್ಷಕಿ, “ಹೆಂಗಾತ್ರಿ?” ಎಂದು ಅವನ ಮುಂದೆ ನಿಂತು ಕೇಳಿದರು.

“ಫೌಂಡ್ರಿನ ಹಾಡಾಕ ಕುಂತಂಗ ಆತ್ರಿ ಬಾಯಾರ,” ಎಂದ. ನಗಿಸಲೆಂದೇ ಹೇಳಿದ್ದ. ಯಾರೂ ನಗಲಿಲ್ಲ.

ಆ ಮೇಲೆ ಅವನು ಬರಲಿಲ್ಲ, ಆದರೆ ನನ್ನನ್ನು ಬಿಡಲಿಲ್ಲ. “ನೀ ಹೋಗು. ಬಂದ ನನಗ ಹೇಳು,” ಎನ್ನುತ್ತಿದ್ದ. ನಾನು ಎಸ್‌ಟಿ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬಂದು, ಅವನೆದುರು ಕೂತು, ಹೇಳಿದೆ. ಏನು ಹಾಡಿದರು, ಎಷ್ಟು ಹೊತ್ತು ಹಾಡಿದರು, ಸಾರಂಗಿಯವರು ಎಲ್ಲಿ ಹಿಡಿದು ಎಲ್ಲಿ ಬಿಟ್ಟರು. ಅವನ ಪ್ರಶ್ನೆಗಳು ನನಗೆ ಕಷ್ಟವಾಗುತ್ತಿದ್ದವು. “ಆ ಜಾಗಾಕ್ಕ ಹೆಂಗ ಬಂದ್ರು? ಮ್ಯಾಲಿಂದ ಇಳದ್ರೋ, ಕೆಳಗಿಂದ ಹತ್ತಿದ್ರೋ?” ನಾನು ಕೈಯಿಂದ ಗಾಳಿಯಲ್ಲಿ ಏರು ಇಳಿ ತೋರಿಸುತ್ತಿದ್ದೆ. ಹಾಡಲು ನನಗೆ ಬರುವುದಿಲ್ಲ. ಬಂದಿದ್ದರೂ ಏನು ಉಪಯೋಗ.

ಒಂದು ಸಂಕ್ರಾಂತಿಗೆ ದಾನೋಳಿಯ ರೈತರು ಎಳ್ಳು ಬೆಲ್ಲ ಹಿಡಿದುಕೊಂಡು ಮನೆಗೆ ಬಂದರು. ಹಳೆಯ ಮೈಫಲುಗಳ ಮಾತು ಬಂತು. ಕೊಲ್ಹಾಪುರದಲ್ಲಿ ಕೇಳಿದ ಒಂದು ಸಂಜೆಯನ್ನು ನೆನೆದು ಅವರು, “ನೀವು ಚಹಾದ ಗಾಡಿ ಮುಂದ ನಿಂತ ಹಾಡಿದ್ರಲ್ರಿ, ಅದ ಇನ್ನೂ ನನ್ನ ಕಿವ್ಯಾಗ ಐತಿ,” ಎಂದರು. ಅಣ್ಣನಿಗೆ ಮಾತು ತಿಳಿಯಿತು. ಅವನ ಮುಖ ಬಿಚ್ಚಿಕೊಂಡಿತು. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಹಾಡಿದ.

ದನಿ ಅದೇ, ಉಸಿರೂ ಅದೇ. ಆದರೆ ಸ್ವರಗಳು ತಮ್ಮ ತಮ್ಮ ಜಾಗದಲ್ಲಿರಲಿಲ್ಲ. ಏರಬೇಕಾದದ್ದು ಅರ್ಧಕ್ಕೇ ನಿಲ್ಲುತ್ತಿತ್ತು, ನಿಲ್ಲಬೇಕಾದದ್ದು ಜಾರುತ್ತಿತ್ತು. ಅವನ ಒಳಗೆ ಅದು ಸರಿಯಾಗಿಯೇ ಇತ್ತು ಎಂಬುದು ಮುಚ್ಚಿದ ಕಣ್ಣು ನೋಡಿದರೆ ತಿಳಿಯುತ್ತಿತ್ತು. ರೈತರು ತಮ್ಮ ಅಂಗೈ ನೋಡುತ್ತ ಕೂತರು. ಮುಗಿದ ಮೇಲೆ ತಲೆ ಎತ್ತಿ, “ಭಾಳ ಚಲೋ ಆತ್ರಿ,” ಎಂದರು. ಒಳ್ಳೆಯ ಮನುಷ್ಯ. ಆದರೆ ಅಷ್ಟರಲ್ಲಿ ಅಣ್ಣ ಕಣ್ಣು ತೆರೆದು ನನ್ನ ಮುಖ ನೋಡಿಬಿಟ್ಟಿದ್ದ. ವರ್ಷಗಟ್ಟಲೆ ಮುಖ ಓದಿಯೇ ಬದುಕಿದವನಿಗೆ ನನ್ನ ಮುಖ ಓದುವುದು ಕಷ್ಟವಾಗಲಿಲ್ಲ. ಎದ್ದು, ಎಳ್ಳಿನ ತಟ್ಟೆ ಒಳಗಿಟ್ಟು ಬರುತ್ತೇನೆಂದು ಹೋದ. ಅದಾದ ಮೇಲೆ ಅವನು ಹಾಡಿದ್ದನ್ನು ನಾನು ಕೇಳಿಲ್ಲ.

ನಿಪ್ಪಾಣಿಯ ಮಾತಿಗೆ ನಾನು ಕ್ಷಮೆ ಕೇಳಬೇಕಿತ್ತು. ಒಂದು ಮಧ್ಯಾಹ್ನ ಅಣ್ಣ ಮಷೀನು ತೆಗೆದಿಟ್ಟು, ಹಿತ್ತಲಿನಲ್ಲಿ ನನಗೆ ಬೆನ್ನು ಮಾಡಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದ. ನಾನು ಬಾಗಿಲಲ್ಲಿ ನಿಂತು, “ಅಣ್ಣಾ, ಅವತ್ತ ನಾ ಹಂಗ ಅನಬಾರದಾಗಿತ್ತು,” ಎಂದೆ. ಅವನು ದೇಟು ಚಿವುಟುತ್ತಲೇ ಇದ್ದ. ಅಡುಗೆಮನೆಯಿಂದ ವೈನಿಗೆ ಕೇಳಿಸಿತು. ಅವಳು ಹೊರಗೆ ಬಂದು ನನ್ನನ್ನು ನೋಡಿ ಒಳಗೆ ಹೋದಳು. ಎದುರು ನಿಂತು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಎದುರು ನಿಂತರೆ ಅವನು ಮತ್ತೆ ನನ್ನ ತುಟಿ ನೋಡುತ್ತಾನೆ.

ಈಗ ಅವನಿಗೆ ಫೌಂಡ್ರಿಯಲ್ಲೇ ಸಾಮಾನು ಕೊಡುವ ಕೋಣೆಯಲ್ಲಿ ಕೆಲಸ. ಕಳೆದ ಮಳೆಗಾಲದಲ್ಲಿ ಒಮ್ಮೆ, ಊಟದ ನಡುವೆ ಕೈ ನಿಲ್ಲಿಸಿ, “ತಂಬೂರಿ ಹೆಂಗ ಕೇಳಸತಿತ್ತ ಅನ್ನೂದ ನೆನಪ ಬರವಲ್ದು,” ಎಂದ. “ನೋಡಿದ್ದ ನೆನಪೈತಿ. ತಂತಿ, ಬೆರಳ, ಎಲ್ಲಾ. ಸಪ್ಪಳಾ ಹೋಗಿಬಿಟ್ಟೈತಿ.” ವೈನಿ ಅವನ ತಟ್ಟೆಗೆ ಸಾರು ಬಡಿಸಿದಳು. ಅವನು ಉಂಡ.

ಹೋದ ತಿಂಗಳು ಕೊಲ್ಹಾಪುರಕ್ಕೆ ಹೋಗಿದ್ದೆ. ಹಾಡಿಕೆ ಚೆನ್ನಾಗಿತ್ತು, ಬಹಳ ವರ್ಷಗಳಲ್ಲಿ ಅಂಥದ್ದು ಕೇಳಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅವನಿಗೆ ಹೇಗೆ ಹೇಳಬೇಕೆಂದು ಜೋಡಿಸಿಕೊಂಡೆ. ಮನೆಗೆ ಬಂದು ಎದುರು ಕೂತೆ.

“ದಾನೋಳಿಯವರು ಬಂದಿದ್ರೇನು?” ಎಂದು ಕೇಳಿದ.

“ಬಂದಿದ್ರು.”

“ಅವರ ಮಣಕಾಲ ಹೆಂಗೈತಿ?”

“ಈಗ ಕೋಲ ಹಿಡಕೊಂಡ ಅಡ್ಡಾಡತಾರ.”

“ಬಾಯಾರು?”

“ಮಗಳ ಮನಿಗೆ ಹೋಗ್ಯಾರಂತ. ಬಂದಿದ್ದಿಲ್ಲ.”

ತಲೆಯಾಡಿಸಿದ. ಏನು ಹಾಡಿದರೆಂದು ಕೇಳುತ್ತಾನೆಂದು ಕಾದೆ. ಅವನು ಮಷೀನಿನ ಸಣ್ಣ ಬ್ಯಾಟರಿ ಬದಲಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿಟ್ಟು, “ದಣದಿರಬೇಕ ನೀ, ಮಕ್ಕೋ ಹೋಗು,” ಎಂದ.