ಚಿಕ್ಕಿಯ ಪಕ್ಕದ ಜಾಗ

ನನ್ನ ಚಿಕ್ಕಿಯ ಗಂಡ ಇಂಗ್ಲೆಂಡಿನ ಒಬ್ಬ ಲಾರ್ಡನ ಎರಡನೇ ಮಗ, ಆ ದೇಶದ ಯುದ್ಧನೌಕೆ ನಡೆಸಿದ ಕ್ಯಾಪ್ಟನ್. ಹಾಲಾಡಿ ಪೇಟೆಯಲ್ಲಿ ಹೀಗೆಂದರೆ ಹೊಸಬರು ಇವಳು ಬುರುಡೆ ಬಿಡುತ್ತಾಳೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಅವರು ಎಷ್ಟೋ ವರ್ಷ ನಮ್ಮ ಜಗಲಿಯಲ್ಲಿ ಕೂತು ಗಂಜಿ ಉಂಡಿದ್ದಾರೆ. ಮಿಡಿ ಉಪ್ಪಿನಕಾಯಿಯ ಖಾರಕ್ಕೆ ಕಣ್ಣು ಮೂಗಲ್ಲಿ ನೀರು ಸುರಿದರೂ ಬಟ್ಟಲಲ್ಲಿ ಬಿಟ್ಟವರಲ್ಲ. ಊರಿಗೆಲ್ಲ ಅವರು ಕಪ್ತಾನರು, ನನಗೂ ಹಾಗೆಯೇ.

ಅವರು ಹುಟ್ಟಿದ ಮನೆಗೆ ಕೋಣೆ ಎಷ್ಟೆಂದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಮನೆ, ಜಮೀನು, ಬಿರುದು ಎಲ್ಲ ಹಿರಿಯ ಮಗನಿಗೆಂಬುದು ಅಲ್ಲಿಯ ಕ್ರಮ. ಕಿರಿಯವನು ಇಗರ್ಜಿಗೋ ಸೈನ್ಯಕ್ಕೋ ಹೋಗಬೇಕು. ದೇವರ ಮೇಲೆ ಅಷ್ಟೇನೂ ಭಕ್ತಿಯಿಲ್ಲದ ಇವರು ಮೀಸೆ ಚಿಗುರುವಾಗಲೇ ಹಡಗು ಹತ್ತಿದರು. ಹಿಮ ಬೀಳುವ ಕಡಲುಗಳಲ್ಲಿ ಕಾವಲು ಕಾದರು. ಒಂದು ಯುದ್ಧದಲ್ಲಿ ಕಾಲಡಿಯ ಹಡಗು ಹೊತ್ತಿ ಉರಿದದ್ದನ್ನೂ ಕಂಡರು. ಆಮೇಲೆ ತಾವೇ ಒಂದು ಹಡಗಿಗೆ ಕ್ಯಾಪ್ಟನ್ ಆದರು. ಅವರಿಗೆ ಬಂದ ಪದಕಗಳನ್ನು ಚಿಕ್ಕಿ ಸೂಜಿದಾರದ ಡಬ್ಬಿಯಲ್ಲಿ ಹಾಕಿಟ್ಟಿದ್ದಳು.

ಚಿಕ್ಕಿ ಆಗ ಇಂಗ್ಲೆಂಡಿನಲ್ಲಿ ನರ್ಸು. ನೌಕಾಪಡೆಯಿಂದ ನಿವೃತ್ತಿಯಾದ ಮೇಲೆ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ ಇವರು ಅವಳ ವಾರ್ಡಿಗೆ ಬಂದರು. ಮಾತ್ರೆ ಬೇಡವೆಂದು ಹಟ ಹಿಡಿದಾಗ ಅವಳು ಅಪ್ಪಟ ಕುಂದಾಪ್ರ ಕನ್ನಡದಲ್ಲಿ ಬೈದಳಂತೆ. ಆಯುಷ್ಯವಿಡೀ ಬೇರೆಯವರಿಗೆ ಆಜ್ಞೆ ಕೊಟ್ಟವರು ತೆಪ್ಪಗೆ ಮಾತ್ರೆ ನುಂಗಿದರು. ಮದುವೆಯೂ ಆಯಿತು. ಕೆಲಸ ಮುಗಿದ ಮೇಲೆ ಚಿಕ್ಕಿ, ನಾನು ನನ್ನ ಮನೆಗೆ ಹೋಗುತ್ತೇನೆ, ಬೇಕಾದರೆ ಬನ್ನಿ ಎಂದಳು. ಅವರು ಒಂದೇ ಒಂದು ಟ್ರಂಕು ಹಿಡಿದು ಬಂದರು.

ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ಹೆಣ್ಣುಮಕ್ಕಳ ಸಂತಾನಕ್ಕೆ. ಇಲ್ಲಿ ಗಂಡನಾಗಿ ಬಂದವರು ಎಷ್ಟು ವರ್ಷ ಇದ್ದರೂ ನೆಂಟರೇ. ಬದುಕಿದ್ದಾಗ ಅದು ಯಾರಿಗೂ ನೆನಪಾಗುವುದಿಲ್ಲ. ನೆನಪಾಗುವುದು ಸತ್ತಾಗ.

ಚಿಕ್ಕಿ ಒಂದು ಸೋಮವಾರ ದೋಸೆ ಹೊಯ್ಯುತ್ತ ಕುಸಿದವಳು ಮತ್ತೆ ಏಳಲಿಲ್ಲ. ಗದ್ದೆಯಂಚಿನಲ್ಲಿ ಅವಳನ್ನು ಸುಟ್ಟು, ಆ ಜಾಗದಲ್ಲಿ ದೂಪೆ, ಅಂದರೆ ಕೆಂಪುಕಲ್ಲಿನ ಸಣ್ಣ ಸಮಾಧಿಕಟ್ಟೆ, ಕಟ್ಟಿದೆವು. ನಮ್ಮ ಮನೆತನದಲ್ಲಿ ತೀರಿಕೊಂಡವರ ದೂಪೆಗಳೆಲ್ಲ ಅಲ್ಲಿ ಸಾಲಾಗಿ ಇವೆ. ಕಪ್ತಾನರು ದಿನಾ ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿ, ಅಲ್ಲಿಗೆ ಹೋಗಿ ಹುಲ್ಲು ಕೀಳುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಕೇಳಿದರು.

"ನಂಗೂ ಇಲ್ಲೇ ಒಂಚೂರ್ ಜಾಗ ಸಿಕ್ಕತ್ತಾ? ಸಮುದ್ರಕ್ ಮಾತ್ರ ಹಾಕ್ಬೇಡಿ."

ಹಡಗಿನಲ್ಲಿ ಸತ್ತ ಹುಡುಗರಿಗೆ ಪ್ರಾರ್ಥನೆ ಓದಿ ಕಡಲಿಗೆ ಇಳಿಸಿದ್ದು ಅವರೇ. ಓದಿ ಮುಗಿಸಿ ಹಿಂತಿರುಗಿ ನೋಡಿದರೆ ಎಲ್ಲ ಒಂದೇ ನೀರು, ಇಲ್ಲಿ ಎಂದು ತೋರಿಸಲು ಏನೂ ಇರುತ್ತಿರಲಿಲ್ಲ ಎಂದರು. ಅವರಿಗೆ ಚಿಕ್ಕಿಯ ಪಕ್ಕ ಮಣ್ಣಾಗಬೇಕಿತ್ತು. ಅದೊಂದನ್ನು ಬಿಟ್ಟು ಅವರು ನಮ್ಮಲ್ಲಿ ಏನನ್ನೂ ಕೇಳಿದವರಲ್ಲ.

ನಾನು ಮರುದಿನವೇ ಕುಂದಾಪುರದ ಬಸ್ಸು ಹತ್ತಿದೆ. ಮನೆಯ ಯಜಮಾನಿಕೆ ಮಾವನದು, ಅಂದರೆ ಚಿಕ್ಕಿಯ ಅಣ್ಣನದು. ಅಲ್ಲಿ ಅವರಿಗೆ ಹೋಟೆಲಿದೆ. ಅವರು ನನಗೆ ಬನ್ಸು, ಚಾ ತರಿಸಿ, ಎಲ್ಲ ಕೇಳಿಸಿಕೊಂಡರು. ಕಪ್ತಾನರನ್ನು ಯಾರೂ ಹೊರಗೆ ಹಾಕುವುದಿಲ್ಲ, ಕಡೆಯವರೆಗೂ ಮಹಾರಾಜರ ಹಾಗೆ ಇರಲಿ, ಆದರೆ ಆ ಜಾಗ ಮಾತ್ರ ಕೇಳಬೇಡ ಎಂದರು.

"ಗಂಡ್ಸಿನ್ ಜಾಗ ಅವ್ನ್ ಹೆತ್ತಬ್ಬಿ ಮನಿಯಗೆ. ಹೆಂಡ್ತಿ ಮನಿಯಗಲ್ಲ."

ನನ್ನ ಬಾಯಿ ಜೋರೆಂದು ಊರಿಗೇ ಗೊತ್ತು. ಆದರೂ ಚಾ ಕುಡಿದು ವಾಪಸು ಬಸ್ಸು ಹತ್ತಿದೆ. ನನ್ನ ಅಪ್ಪಯ್ಯ ನಮ್ಮ ಮನೆಯಲ್ಲೇ ಬಾಳಿದವರು. ಅವರು ಸತ್ತಾಗ ಮೈಯ ಬಿಸಿ ಆರುವ ಮೊದಲೇ ಜೀಪಿನಲ್ಲಿ ಹಾಕಿ ಶಂಕರನಾರಾಯಣದ ಅವರ ತಾಯಿಮನೆಗೆ ಒಯ್ದಿದ್ದರು. ಅಮ್ಮ ಅಂಗಳದಲ್ಲಿ ನಿಂತೇ ಇದ್ದಳು. ಕ್ರಮ ಎಂದರೆ ಅವಳೂ ಎದುರು ಮಾತಾಡಿರಲಿಲ್ಲ.

ಕಪ್ತಾನರಿಗೆ ಹೇಳಿದೆ. ಅವರು ಸರಿ ಎಂದರು. ಅಲ್ಲಿ ಎಲ್ಲ ಅಣ್ಣನಿಗೆ, ಇಲ್ಲಿ ಎಲ್ಲ ತಂಗಿಗೆ, ತಾನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ನಕ್ಕರು. ಆ ಗಾದೆ ಚಿಕ್ಕಿಯೇ ಕಲಿಸಿದ್ದು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಅಳು ಮುಗಿದ ಮೇಲೆ ಬಂದದ್ದು ಸಿಟ್ಟು. ಅಲ್ಲಿಂದ ಮುಂದೆ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ, ಮಾವ ಎಲ್ಲಿ ಸಿಕ್ಕಿದರೂ ನಾನು ಅದೇ ರಾಗ ಹಾಡಿದೆ. ನನ್ನನ್ನು ಕಂಡರೆ ಅವರು ಹಿಂಬಾಗಿಲು ಹುಡುಕುವಂತಾಯಿತು.

ಅವರ ಮನಸ್ಸು ತಿರುಗಿದ್ದು ನನ್ನ ಬಾಯಿಂದಲ್ಲ. ಚಿಕ್ಕಿಯ ವರ್ಷಾಂತಿಕಕ್ಕೆ ಬಂದ ಮಾವ ಗದ್ದೆಯಂಚಿಗೆ ಹೋದರು. ಚಿಕ್ಕಿಯದು ಮಾತ್ರವಲ್ಲ, ಸಾಲಿನ ಎಲ್ಲ ದೂಪೆಗಳೂ ಕಸಕಡ್ಡಿಯಿಲ್ಲದೆ ಚೊಕ್ಕಟವಾಗಿದ್ದವು. ಕಪ್ತಾನರು ಮೊಣಕಾಲೂರಿ ಮಾವನ ತಾಯಿಯ ದೂಪೆಯ ಹುಲ್ಲು ಕೀಳುತ್ತಿದ್ದರು. ಅಜ್ಜಿಯನ್ನು ಅವರು ಕಂಡವರೇ ಅಲ್ಲ. ಮಾವ ಚಪ್ಪಲಿ ಕಳಚಿ, ಚಿಕ್ಕಿಯ ಪಕ್ಕದ ನೆಲದಲ್ಲಿ ಹಿಮ್ಮಡಿಯಿಂದ ಒಂದು ಗೆರೆ ಎಳೆದರು.

"ಇದ್ ನಿಮ್ದ್," ಎಂದರು.

ಕಪ್ತಾನರು ಎದ್ದು, ಮಣ್ಣುಗೈಯಲ್ಲೇ ಸೆಲ್ಯೂಟ್ ಹೊಡೆದರು. ಅವರು ಸೆಲ್ಯೂಟ್ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ದಿನ ನನಗಾದಷ್ಟು ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮರುವರ್ಷ ಅವರ ಅಣ್ಣ ತೀರಿಕೊಂಡರು. ಮಣ್ಣಿಗೆ ಹೋಗದಿದ್ದರೆ ಹೇಗೆ ಎಂದು ಕಪ್ತಾನರು ಹೊರಟರು. ಬೇಗ ಬತ್ತೆ ಎಂದರು. ಅಲ್ಲಿಯ ಚಳಿಗೆ ನ್ಯುಮೋನಿಯಾ ಹಿಡಿಯಿತು. ಆಸ್ಪತ್ರೆಯಿಂದ ಒಂದು ಸಲ ಫೋನ್ ಮಾಡಿ, ದೂಪೆಯ ಹತ್ತಿರ ಹುಲ್ಲು ಎದ್ದಿರಬಹುದು ಎಂದರು. ಆಮೇಲೆ ಫೋನ್ ಬರಲಿಲ್ಲ. ನಾನು ಮಾಡಿದರೆ ಯಾರೂ ಎತ್ತಲಿಲ್ಲ.

ಕೆಲವು ದಿನಗಳ ನಂತರ ಅಣ್ಣನ ಮಗ, ಈಗಿನ ಲಾರ್ಡು, ತಾನಾಗಿಯೇ ಫೋನ್ ಮಾಡಿ ಸಾವಿನ ಸುದ್ದಿ ಹೇಳಿದ. ಬಹಳ ಮರ್ಯಾದಸ್ಥ. ನಾನು ಬೂದಿ ಕಳಿಸಿಕೊಡಿ, ಖರ್ಚೆಲ್ಲ ನಮ್ಮದು ಎಂದೆ. ಅದೆಲ್ಲ ಆಗಿಹೋಯಿತಂತೆ. ನೌಕಾಪಡೆಯವರು ಹಡಗು ಕೊಟ್ಟರಂತೆ, ಬಾವುಟ ಹೊದಿಸಿದರಂತೆ, ಕಹಳೆ ಊದಿದರಂತೆ. ದಡ ಕಾಣದಷ್ಟು ದೂರ ಹೋಗಿ ಬೂದಿಯನ್ನು ನೀರಿಗೆ ಬಿಟ್ಟರಂತೆ. ಚಿಕ್ಕಪ್ಪ ನಮ್ಮ ಮನೆತನದವರಲ್ಲವೇ, ಯಾವುದಕ್ಕೂ ಕಡಿಮೆ ಮಾಡಲಿಲ್ಲ ಎಂದ. ಅವನ ದನಿಯಲ್ಲಿ ಪ್ರೀತಿಯಿತ್ತು. ಬೈಯೋಣವೆಂದರೆ ಯಾರಿಗೆ ಬೈಯಲಿ? ಅವನ ಲೆಕ್ಕದಲ್ಲಿ ನಾವು ಹೆಂಡತಿಯ ಕಡೆಯವರು. ಹುಟ್ಟಿದ ಮನೆಯವರು ಅವರನ್ನು ತಮ್ಮವರೆಂದು ಒಯ್ದಿದ್ದರು. ನಮ್ಮ ಕ್ರಮವೇ ಅಲ್ಲಿ ಗೆದ್ದಿತ್ತು.

ಫೋನಿಟ್ಟು ಹೊರಗೆ ಬಂದೆ. ಕಪ್ತಾನರು ಹೋದ ಸುದ್ದಿ ಫೇಸ್‌ಬುಕ್ಕಿನಲ್ಲಿ ಕಂಡ ತಮ್ಮ ಮೊಮ್ಮಗಳು ಆ ಬೆಳಿಗ್ಗೆ ಹೇಳಿ, ಮಾವ ಕುಂದಾಪುರದಿಂದ ಬಂದುಬಿಟ್ಟಿದ್ದರು. ಎರಡು ಆಳು ಕರೆತಂದು, ಗೆರೆ ಎಳೆದಿದ್ದ ಜಾಗವನ್ನು ಸವರಿಸಿ, ಕೆಂಪುಕಲ್ಲು ಇಳಿಸುತ್ತಿದ್ದರು. ಯಾವಾಗ ತರುತ್ತಾರೆ ಎಂದು ಕೇಳಿದರು. ನಾನು ಹೇಳಿದೆ. ಅವರು ಅದೇ ಕಲ್ಲಿನ ಮೇಲೆ ಕೂತರು.

"ನಾನ್ ಜಾಗ ಕೊಟ್ಟಿದ್ನಲೆ, ಹೆಣ್ಣೆ," ಎಂದರು.